ಲೋಕಪ್ರಳಯದ ಸುದ್ದಿಯನ್ನು ಪರೀಕ್ಷಿಸುವ ಬಗೆ

ವಿಜಯಪುರ ಜಿಲ್ಲೆಯ ಹಳ್ಳಿಗಳಿಗೂ ಈಗ ಲೋಕಪ್ರಳಯದ ಸುದ್ದಿ ವಾಟ್ಸ್ಆ್ಯಪ್‌ನಲ್ಲೇ ಬಂದು ಮುಟ್ಟುತ್ತದೆ. ಮಕ್ಕಳು ಮತ್ತು ವಯಸ್ಸಾದವರು ಅದಕ್ಕೆ ನಿಜವಾಗಿಯೂ ಹೆದರುತ್ತಾರೆ. ಸುಳ್ಳೆಂದು ಗದರಿಸಿದರೆ ಆ ಹೆದರಿಕೆ ಹೋಗುವುದಿಲ್ಲ. ಸಂದೇಶದಲ್ಲಿರುವ ದಿನಾಂಕ, ಆಕಾಶಕಾಯದ ಹೆಸರು ಮತ್ತು ದೂರಗಳನ್ನು ಬರೆದುಕೊಂಡು, ಅವರ ಎದುರಿಗೇ ಒಂದೊಂದನ್ನೂ ಪರೀಕ್ಷಿಸಬೇಕು.

ದಿನಾಂಕದಿಂದ ಆರಂಭಿಸಿರಿ, ಏಕೆಂದರೆ ಅದಕ್ಕೆ ಮನೆಯ ಪಂಚಾಂಗವೇ ಸಾಕು. 2025ರ ಆಗಸ್ಟ್ 2ರಂದು ಜಗತ್ತೆಲ್ಲ ಆರು ನಿಮಿಷ ಕತ್ತಲಾಗುತ್ತದೆ ಎಂಬ ಸುದ್ದಿ ಆ ವರ್ಷ ಹರಡಿತ್ತು. ಚಂದ್ರನು ಭೂಮಿ ಮತ್ತು ಸೂರ್ಯರ ನಡುವೆ ಬರುವುದು ಅಮಾವಾಸ್ಯೆಯಂದು ಮಾತ್ರವಾದ್ದರಿಂದ ಸೂರ್ಯಗ್ರಹಣವೂ ಅಂದೇ ಆಗಬೇಕು. ಆ ಸಲ ನಾಗರ ಪಂಚಮಿ ಜುಲೈ 29ಕ್ಕೆ ಬಂದಿತ್ತು. ಆಗಸ್ಟ್ 2ರ ಹೊತ್ತಿಗೆ ಶುಕ್ಲ ಪಕ್ಷದ ಅಷ್ಟಮಿಯಾಗಿ, ಸಂಜೆ ಮಾಳಿಗೆ ಹತ್ತಿದವರಿಗೆಲ್ಲ ಅರ್ಧಚಂದ್ರ ಕಾಣುವಂತಿತ್ತು. ಸುದ್ದಿಯ ಮೂಲದಲ್ಲಿದ್ದದ್ದು 2027ರ ಆಗಸ್ಟ್ 2ರ, ಆಷಾಢ ಅಮಾವಾಸ್ಯೆಯ, ನಿಜವಾದ ಖಗ್ರಾಸ ಗ್ರಹಣ. ಅದರ ಕತ್ತಲು ದಕ್ಷಿಣ ಸ್ಪೇನ್, ಉತ್ತರ ಆಫ್ರಿಕಾ ಮತ್ತು ಅರೇಬಿಯಾಗಳ ಮೇಲೆ ಸುಮಾರು 250 ಕಿ.ಮೀ. ಅಗಲದ ಪಟ್ಟಿಯಲ್ಲಿ ಸಾಗುತ್ತದೆ. ಈಜಿಪ್ಟಿನ ಲಕ್ಸರ್ ಬಳಿ ಅದು ಆರು ನಿಮಿಷಕ್ಕೂ ಸ್ವಲ್ಪ ಹೆಚ್ಚು ಹೊತ್ತು ಇರುತ್ತದೆ. ಭಾರತದಲ್ಲಿ ಗ್ರಹಣ ಭಾಗಶಃ ಮಾತ್ರ.

ಗ್ರಹಗಳು ಸಾಲಾಗಿ ನಿಂತರೆ ಭೂಕಂಪವಾಗುತ್ತದೆ ಎಂಬ ಮಾತಿಗೆ ಲೆಕ್ಕವೇ ಉತ್ತರ. 1962ರ ಫೆಬ್ರವರಿಯ ಅಷ್ಟಗ್ರಹ ಕೂಟದಲ್ಲಿ ದೇಶದ ಹಲವೆಡೆ ಹೋಮಗಳು ನಡೆದದ್ದು ಹಿರಿಯರಿಗೆ ನೆನಪಿದ್ದೀತು, ಪ್ರಳಯವಂತೂ ಆಗಲಿಲ್ಲ. ಗ್ರಹಗಳು ಭೂಮಿಯನ್ನು ಅಲುಗಿಸುವುದಾದರೆ ಅದು ಉಬ್ಬರವಿಳಿತ ಉಂಟುಮಾಡುವ ಸೆಳೆತದಿಂದಲೇ ಆಗಬೇಕು. ಆ ಸೆಳೆತವು ಕಾಯದ ದ್ರವ್ಯರಾಶಿಗೆ ಅನುಗುಣವಾಗಿ ಹೆಚ್ಚುತ್ತದೆ, ದೂರದ ಘನಕ್ಕೆ ಅನುಗುಣವಾಗಿ ಕುಗ್ಗುತ್ತದೆ. ಶುಕ್ರನ ದ್ರವ್ಯರಾಶಿ ಚಂದ್ರನ 66 ಪಟ್ಟು; ಆದರೆ ಅತಿ ಸಮೀಪ ಬಂದಾಗಲೂ ಅದು ಚಂದ್ರನಿಗಿಂತ ಸುಮಾರು 107 ಪಟ್ಟು ದೂರದಲ್ಲಿರುತ್ತದೆ. 107ರ ಘನ 12 ಲಕ್ಷಕ್ಕೂ ಹೆಚ್ಚು. ಹೀಗಾಗಿ ಶುಕ್ರನ ಪ್ರಭಾವ ಚಂದ್ರನ ಪ್ರಭಾವದ ಸುಮಾರು ಹದಿನೆಂಟು ಸಾವಿರದಲ್ಲಿ ಒಂದು ಪಾಲು. ಗುರುವಿನದು ಅದಕ್ಕಿಂತಲೂ ಬಹಳ ಕಡಿಮೆ. ಹೈಸ್ಕೂಲು ಮಕ್ಕಳಿಂದ ಈ ಭಾಗಾಕಾರವನ್ನು ಮಾಡಿಸಲೇಬೇಕು; ತಾವೇ ಕಂಡುಕೊಂಡ ಉತ್ತರವನ್ನು ಅವರು ಬಿಟ್ಟುಕೊಡುವುದಿಲ್ಲ.

ನಿಬಿರು ಎಂಬ ಗುಪ್ತ ಗ್ರಹದ ಕಥೆಗೆ ಹೆಚ್ಚು ಹೊತ್ತು ಬೇಡ. ಕೆಲವೇ ತಿಂಗಳಲ್ಲಿ ಬಂದು ಅಪ್ಪಳಿಸಲಿರುವ ಗ್ರಹವು ಈಗಾಗಲೇ ಬರಿಗಣ್ಣಿಗೆ ಕಾಣುತ್ತಿರಬೇಕಿತ್ತು.

ಕ್ಷುದ್ರಗ್ರಹಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಅಪಾಯ ಇಲ್ಲವೇ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರಿನ ಕಲ್ಲೊಂದು ಸಿಡಿದು, ಒಡೆದ ಕಿಟಕಿ ಗಾಜುಗಳಿಂದ ನೂರಾರು ಜನ ಗಾಯಗೊಂಡರು. ಆದರೆ ಹೆಸರು ಮತ್ತು ದಿನಾಂಕ ಹೊತ್ತು ಬರುವ ಶೇಕಡಾವಾರು ಭಯವನ್ನು ಓದುವ ಕ್ರಮವೇ ಬೇರೆ. 2024 ವೈಆರ್4 ಎಂಬ ಕಾಯವು 2032ರಲ್ಲಿ ಭೂಮಿಗೆ ಬಡಿಯುವ ಸಂಭವ 2025ರ ಫೆಬ್ರವರಿಯಲ್ಲಿ ಶೇ. 3ಕ್ಕೆ ಏರಿ, ಅದೇ ತಿಂಗಳು ಬಹುತೇಕ ಸೊನ್ನೆಗೆ ಇಳಿಯಿತು. ಮೊದಲ ವೀಕ್ಷಣೆಗಳು ಕೆಲವೇ ಇದ್ದಾಗ ಆ ಕಾಯ ಅಂದು ಎಲ್ಲಿರಬಹುದೆಂಬ ವ್ಯಾಪ್ತಿ ಅಗಲವಾಗಿರುತ್ತದೆ; ವೀಕ್ಷಣೆ ಹೆಚ್ಚಿದಂತೆ ಅದು ಕಿರಿದಾಗುತ್ತದೆ. ಭೂಮಿ ಅದರೊಳಗೆ ಉಳಿದಿರುವವರೆಗೆ ಸಂಭವ ಏರುತ್ತಲೇ ಹೋಗಿ, ವ್ಯಾಪ್ತಿಯ ಅಂಚು ಭೂಮಿಯನ್ನು ದಾಟಿದೊಡನೆ ಕುಸಿಯುತ್ತದೆ. 2029ರ ಏಪ್ರಿಲ್ 13ರಂದು ಭೂಮಿಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗಲಿರುವ ಅಪೋಫಿಸ್ ಎಂಬ ಕ್ಷುದ್ರಗ್ರಹಕ್ಕೂ 2004ರಲ್ಲಿ ಹೀಗೆಯೇ ಆಯಿತು; ಕನಿಷ್ಠ ಮುಂದಿನ ನೂರು ವರ್ಷ ಅದರಿಂದ ಅಪಾಯವಿಲ್ಲವೆಂದು 2021ರ ರೇಡಾರ್ ವೀಕ್ಷಣೆಗಳು ತೋರಿಸಿದವು.

ಆದ್ದರಿಂದ ಸಂದೇಶದಲ್ಲಿ ಕ್ಷುದ್ರಗ್ರಹದ ಹೆಸರಿದ್ದರೆ ಭೂಮಿಗೆ ಬಡಿಯುವ ಸಂಭವವಿರುವ ಕಾಯಗಳನ್ನು ದಾಖಲಿಸುವ ನಾಸಾದ ಸೆಂಟ್ರಿ ಎಂಬ ಅಂತರ್ಜಾಲ ಪಟ್ಟಿಯಲ್ಲಿ ಅದನ್ನು ಹುಡುಕಿರಿ. ತೆಗೆದುಹಾಕಿದ ಕಾಯಗಳ ಸಾಲಿನಲ್ಲಿ ಅದು ಸಿಕ್ಕರೆ, ತೆಗೆದ ದಿನಾಂಕವನ್ನು ಸಂದೇಶ ಕಳುಹಿಸಿದವರಿಗೂ ತಿಳಿಸಿರಿ. ಪಟ್ಟಿಯಲ್ಲಿ ಇನ್ನೂ ಉಳಿದಿದ್ದರೆ, ಅದನ್ನು ಎಷ್ಟು ದಿನಗಳ ಕಾಲ ವೀಕ್ಷಿಸಲಾಗಿದೆ ಎಂಬುದನ್ನು ಮೊದಲು ನೋಡಿ, ಸಂಭವದ ಅಂಕಿಯನ್ನು ಆಮೇಲೆ ಓದಿರಿ.