ಮಲ್ಟಿ-ಸೆಲೆಕ್ಟ್ ಒಳಗೇ ಚಿಪ್ ಎಳೆದು ಸಾಲು ಬದಲಿಸಿದ್ದು: ನನ್ನ ಅನುಭವ

ರಿಯಾಕ್ಟ್-ಸೆಲೆಕ್ಟ್ ಅಂದರೆ ವೆಬ್ ಫಾರಂನಲ್ಲಿ ಪಟ್ಟಿಯಿಂದ ಹಲವನ್ನು ಆರಿಸಿಕೊಳ್ಳುವ ರೆಡಿಮೇಡ್ ಪೆಟ್ಟಿಗೆ; ಆರಿಸಿದ ಒಂದೊಂದೂ ಒಂದು ಚಿಪ್. ಅದರೊಳಗೆ ಡ್ರ್ಯಾಗ್ ಕೂರುವುದಿಲ್ಲ, ಪಕ್ಕದಲ್ಲಿ ಎರಡು ಬಾಣದ ಬಟನ್ ಇಟ್ಟು ಕೈತೊಳೆದುಕೋ ಅಂದವರೇ ಹೆಚ್ಚು. ಕೂತಿದೆ. ಅಡುಗೆ ಕಾಂಟ್ರಾಕ್ಟರರ ಆರ್ಡರ್ ಫಾರಂ ಅದು. ಚಿಪ್‌ಗಳ ಸಾಲೇ ಎಲೆಗೆ ಬಡಿಸುವ ಕ್ರಮ. ಹೋಳಿಗೆ ಆದಮೇಲೆ ಕೋಸಂಬರಿ ಅಂತ ಪ್ರಿಂಟ್ ಬಂದರೆ ಬಡಿಸುವವರು ನಗುತ್ತಾರೆ.

ಎಳೆದು ಕ್ರಮ ಬದಲಿಸಲು ಮೊದಲು ಹಿಡಿದ ಲೈಬ್ರರಿ ರಿಯಾಕ್ಟ್-ಸಾರ್ಟಬಲ್-ಎಚ್ಓಸಿ. ಅದು ಒಳಗೆ ಬಳಸುವ ಫೈಂಡ್‌ಡಾಮ್‌ನೋಡ್ ಎಂಬ ಫಂಕ್ಷನ್ ರಿಯಾಕ್ಟ್ 19ರಲ್ಲಿ ಇಲ್ಲವೇ ಇಲ್ಲ. 15 ಸಾವಿರಕ್ಕೆ ಒಪ್ಪಿದ ಕೆಲಸ, ಗಂಟೆ ಲೆಕ್ಕದಲ್ಲಿ ಸುಮಾರು 6 ಸಾವಿರ ಅಲ್ಲೇ ಕರಗಿತು.

ಆಮೇಲೆ ಅದೇ ಕೆಲಸದ ಇನ್ನೊಂದು ಲೈಬ್ರರಿ, ಡಿಎನ್‌ಡಿ-ಕಿಟ್. ಚಿಪ್ ಮುಟ್ಟಿದೊಡನೆ ಮೆನು ಬಿಚ್ಚಿಕೊಳ್ಳುತ್ತಿತ್ತು. ಚಿಪ್‌ನ ಮೌಸ್‌ಡೌನ್ ಮತ್ತು ಟಚ್‌ಎಂಡ್ ಎರಡನ್ನೂ ಅಲ್ಲೇ ತಡೆದೆ, ಮೇಲಿನ ಕಂಟ್ರೋಲ್‌ಗೆ ಹೋಗದ ಹಾಗೆ. ಇಲ್ಲೊಂದು ಎಡವುವ ಜಾಗ ಇದೆ: ಎಳೆತ ಗುರುತಿಸಲು ಡಿಎನ್‌ಡಿ-ಕಿಟ್‌ನ ಮೌಸ್‌ಸೆನ್ಸರ್ ಹಾಕಿದ್ದರೆ ಅದೂ ಮೌಸ್‌ಡೌನ್ ಮೇಲೇ ನಿಂತಿರುತ್ತದೆ, ನಿಮ್ಮ ಹ್ಯಾಂಡ್ಲರ್ ಅದನ್ನು ಅಳಿಸಿ ಕೂರುತ್ತದೆ. ಪಾಯಿಂಟರ್‌ಸೆನ್ಸರ್ ಹಾಕಿ, ಡಿಸ್ಟೆನ್ಸ್ 5 ಕೊಡಿ, 5 ಪಿಕ್ಸೆಲ್ ಸರಿದ ಮೇಲಷ್ಟೇ ಎಳೆತ ಶುರು. ಡ್ರ್ಯಾಗ್ ಲಿಸನರ್‌ಗಳನ್ನು ಇಡೀ ಚಿಪ್‌ಗೆ ಕಟ್ಟದೆ, ಎಡಗಡೆಯ ಚುಕ್ಕಿಗಳ ಹಿಡಿಗೆ ಮಾತ್ರ ಕಟ್ಟಿ. ಬೆರಳಿಗೆ ಪುಟ ಸರಿಯದಂತೆ ತಡೆಯುವ ಸಿಎಸ್‌ಎಸ್ touch-action: none ಕೂಡ ಆ ಹಿಡಿಗೇ. ಪೂರ್ತಿ ಚಿಪ್‌ಗೆ ಕೊಟ್ಟಾಗ ಮೊಬೈಲಿನಲ್ಲಿ ಚಿಪ್ ಮೇಲೆ ಬೆರಳಿಟ್ಟು ಪುಟ ಸರಿಸಲಿಕ್ಕೇ ಆಗುತ್ತಿರಲಿಲ್ಲ.

ಎಳೆಯುವಾಗ ಚಿಪ್ ರಬ್ಬರಿನಂತೆ ಹಿಗ್ಗಿ ಕುಗ್ಗಿದರೆ ತಪ್ಪು ಡಿಎನ್‌ಡಿ-ಕಿಟ್‌ನ ಸಿಎಸ್‌ಎಸ್ ಡಾಟ್ ಟ್ರಾನ್ಸ್‌ಫಾರ್ಮ್‌ನದು. ‘ಉಪ್ಪು’ ಗಿಡ್ಡ, ‘ಮಾವಿನಕಾಯಿ ಚಿತ್ರಾನ್ನ’ ಉದ್ದ. ಅದು ಅಗಲವನ್ನೂ ಹೊಂದಿಸಲು ಹೋಗುತ್ತದೆ. ಸಿಎಸ್‌ಎಸ್ ಡಾಟ್ ಟ್ರಾನ್ಸ್‌ಲೇಟ್ ಬಳಸಿ. ಚಿಪ್‌ಗಳು ಎರಡು ಸಾಲಿಗೆ ಇಳಿಯುವುದಾದರೆ ಹಾರಿಜಾಂಟಲ್ ಸ್ಟ್ರಾಟಜಿ ಬೇಡ, ರೆಕ್ಟ್ ಹಾಕಿ. ಸಾಲು ದಾಟುವಾಗಿನ ನಡುಕ ನಿಲ್ಲಿಸಿದ ಉಪಾಯ ಮಾತ್ರ ಹೇಳುವುದಿಲ್ಲ, ಮುಂದಿನ ಬಿಲ್ಲಿಗೆ ಬೇಕು.

ಚಿಪ್‌ನ ಐಡಿಗೆ ಇಂಡೆಕ್ಸ್, ಅಂದರೆ ಸೊನ್ನೆಯಿಂದ ಶುರುವಾಗುವ ಕ್ರಮಸಂಖ್ಯೆ, ಕೊಡಬೇಡಿ. ಸೊನ್ನೆ ಐಡಿಯ ಚಿಪ್ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಅರ್ಧ ದಿನ ಅದಕ್ಕೇ ಹೋಯಿತು. ಚಿಪ್ ಕಾಂಪೊನೆಂಟನ್ನು ರೆಂಡರ್ ಒಳಗೆ ಬರೆದರೆ ಎಳೆಯುತ್ತಿರುವಾಗಲೇ ಹೊಸದಾಗಿ ಹುಟ್ಟಿ ಕೈಯಿಂದ ಜಾರುತ್ತದೆ, ಹೊರಗೆ ಬರೆಯಿರಿ.

ನಡುವೆ ಇನ್ನೊಂದು: ರಿಯಾಕ್ಟ್-ಸೆಲೆಕ್ಟ್ ಚಿಪ್‌ನ ಲೇಬಲ್‌ಗೆ ಓವರ್‌ಫ್ಲೋ ಹಿಡನ್ ಮೊದಲೇ ಇದೆ, ಅಕ್ಷರ 85 ಶೇಕಡಾ. ‘ಹಪ್ಪಳ’ದ ಒತ್ತು ಕೆಳಗೆ ಕತ್ತರಿಸಿ ಹೋಗುತ್ತಿತ್ತು. ಲೈನ್-ಹೈಟ್ 1.6ರ ಆಸುಪಾಸು ಕೊಟ್ಟಮೇಲೆ ಸರಿಹೋಯಿತು.

ಬಾಣದ ಬಟನ್ ಕೊನೆಗೆ ನಾನೂ ಹಾಕಿದೆ. ವೆಬ್ ಎಲ್ಲರಿಗೂ ಬಳಸಲು ಬರಬೇಕೆಂಬ ಮಾನದಂಡ ಡಬ್ಲ್ಯೂಸಿಎಜಿ 2.2ರ 2.5.7 ಪ್ರಕಾರ ಎಳೆಯದೆಯೂ ಆ ಕೆಲಸ ಆಗಬೇಕು. ಚಿಪ್ ಒತ್ತಿದರೆ ಮಾತ್ರ ಕಾಣುವ ಹಾಗಿಟ್ಟೆ.

ಡೇಟಾಬೇಸ್‌ಗೆ ಉಳಿಸುವಾಗ ಆರ್ಡರ್ ಮತ್ತು ಪೊಸಿಷನ್ ಜೋಡಿಗೆ ಯೂನಿಕ್ (ಅದೇ ಜೋಡಿ ಎರಡು ಸಲ ಬರಬಾರದೆಂಬ ನಿಯಮ) ಇದ್ದರೆ ಒಂದೊಂದೇ ಸಾಲು ಅಪ್‌ಡೇಟ್ ಮಾಡಲು ಹೋಗಬೇಡಿ, ಎರಡು ಐಟಂ ಅದಲುಬದಲಾದ ತಕ್ಷಣ ಬೀಳುತ್ತದೆ. ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಆ ಆರ್ಡರಿನ ಐಟಂ ಎಲ್ಲ ಅಳಿಸಿ ಹೊಸದಾಗಿ ತುಂಬುತ್ತೇನೆ. ಒಂದು ಊಟಕ್ಕೆ ಹೆಚ್ಚೆಂದರೆ 30 ಐಟಂ.