ಬ್ರಿಟನ್–ಭಾರತದ ಹಳೆಯ ಹಣಕಾಸು ಲೆಕ್ಕ ಓದುವ ಬಗೆ

1858ರಿಂದ 1947ರ ನಡುವಿನ ಯಾವುದಾದರೂ ಒಂದು ವರ್ಷ ಭಾರತದಿಂದ ಬ್ರಿಟನ್ನಿಗೆ ಎಷ್ಟು ಹಣ ಹೋಯಿತು ಎಂದು ನೀವೇ ಲೆಕ್ಕ ಹಾಕಬೇಕೆಂದರೆ ಮೂರು ದಾಖಲೆ ಬೇಕು: ಕಡಲ ವ್ಯಾಪಾರದ ಅಂಕಿಅಂಶ, ಭಾರತ ಸರ್ಕಾರದ ಆದಾಯ-ವೆಚ್ಚದ ಲೆಕ್ಕ, ಭಾರತದ ಆಡಳಿತ ನೋಡುತ್ತಿದ್ದ ಲಂಡನ್ನಿನ ಇಲಾಖೆ ಇಂಡಿಯಾ ಆಫೀಸಿನ ಜಮಾ-ಖರ್ಚು. ಕೂಡುವುದು ಕಳೆಯುವುದು ಸುಲಭ. ಒಂದೇ ಹಣವನ್ನು ಎರಡು ಕಡೆ ಹಿಡಿಯದಂತೆ ನೋಡಿಕೊಳ್ಳುವುದೇ ಕಷ್ಟ.

ಮೊದಲು ನಾಣ್ಯ ಮತ್ತು ವರ್ಷ ಸರಿಮಾಡಿಕೊಳ್ಳಿ. 1867ರಿಂದ ಭಾರತದ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಬ್ರಿಟನ್ನಿನ ವ್ಯಾಪಾರದ ಅಂಕಿಅಂಶ ಜನವರಿಯಿಂದ ಡಿಸೆಂಬರ್‌ವರೆಗೆ. ಎರಡನ್ನೂ ಒಂದೇ ಸಾಲಿನಲ್ಲಿಟ್ಟರೆ ಮೊತ್ತ ತಾಳೆಯಾಗುವುದಿಲ್ಲ. ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್, ಅಂದರೆ 240 ಪೆನ್ಸ್. ರೂಪಾಯಿಯ ದರ ಪೆನ್ಸಿನಲ್ಲಿ ಗೊತ್ತಾದರೆ 240ನ್ನು ಅದರಿಂದ ಭಾಗಿಸಿ. ಪೌಂಡಿಗೆ ಎಷ್ಟು ರೂಪಾಯಿ ಎಂಬುದು ಸಿಗುತ್ತದೆ. 2 ಶಿಲಿಂಗ್ ದರದಲ್ಲಿ 10 ರೂಪಾಯಿ, 1 ಶಿಲಿಂಗ್ 4 ಪೆನ್ಸ್‌ಗೆ 15, 1927ರಲ್ಲಿ ಗಟ್ಟಿಯಾದ 1 ಶಿಲಿಂಗ್ 6 ಪೆನ್ಸ್‌ಗೆ 13 ರೂಪಾಯಿ 5 ಆಣೆ 4 ಪೈ.

ಇಲ್ಲೊಂದು ಹಳ್ಳವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಕೋಷ್ಟಕಗಳಲ್ಲಿ ‘ಆರ್‌ಎಕ್ಸ್’ ಎಂಬ ಗುರುತು ಸಿಗುತ್ತದೆ. ಅದು ಪೌಂಡ್ ಅಲ್ಲ, ಹತ್ತು ರೂಪಾಯಿಯ ಕಟ್ಟು. ಬೆಳ್ಳಿಯ ಬೆಲೆ ಕುಸಿದು ರೂಪಾಯಿ 15 ಪೆನ್ಸಿಗೆ ಇಳಿದಾಗ 1,000 ಆರ್‌ಎಕ್ಸ್ ಎಂದರೆ ಬರೀ 625 ಪೌಂಡ್. ಅದನ್ನು 1,000 ಪೌಂಡ್ ಎಂದು ಓದಿದವರು ಕಡಿಮೆಯೇನಿಲ್ಲ.

ಎರಡನೆಯದು ಸರಕಿನ ಲೆಕ್ಕ. ಬ್ರಿಟನ್ ಮತ್ತು ಭಾರತದ ನಡುವಿನ ವ್ಯಾಪಾರವನ್ನಷ್ಟೇ ತೆಗೆದುಕೊಂಡರೆ ಭಾರತವೇ ಸಾಲಗಾರನಂತೆ ಕಾಣುತ್ತದೆ, ಏಕೆಂದರೆ ಲ್ಯಾಂಕಾಶೈರ್ ಬಟ್ಟೆ, ಯಂತ್ರ, ರೈಲ್ವೆ ಸಾಮಾನು ಅಲ್ಲಿಂದಲೇ ಬರುತ್ತಿತ್ತು. ಅರಳೆ, ಸೆಣಬು, ಎಣ್ಣೆಕಾಳು, ಚರ್ಮ ಯುರೋಪಿನ ಇತರ ದೇಶಗಳಿಗೆ, ಅಮೆರಿಕಕ್ಕೆ, ಚೀನಾ-ಜಪಾನಿಗೆ ಹೋಗಿ ಗಳಿಸಿದ ಮಿಗುತೆ ಬೇರೆ ಪುಟದಲ್ಲಿದೆ. ಆದ್ದರಿಂದ ಎಲ್ಲ ದೇಶಗಳ ಒಟ್ಟು ರಫ್ತಿನಿಂದ ಒಟ್ಟು ಆಮದು ಕಳೆಯಿರಿ. ಚಿನ್ನ-ಬೆಳ್ಳಿಯ ಆಮದನ್ನೂ ಮರೆಯದೆ ಕಳೆಯಿರಿ. ಊರುಗಳ ಹೆಸರು ಹುಡುಕಲು ಹೋಗಬೇಡಿ, ಈ ಪುಸ್ತಕಗಳು ಬಂದರಿನ ಲೆಕ್ಕ. ಮಂಗಳೂರಿನಲ್ಲಿ ಹಡಗು ಹತ್ತಿದ ಕೊಡಗಿನ ಕಾಫಿ ಮದ್ರಾಸ್ ಪ್ರಾಂತ್ಯದ ರಫ್ತಿನಲ್ಲಿ ಕೂತಿರುತ್ತದೆ.

ಇನ್ನು ಹೋಮ್ ಚಾರ್ಜಸ್, ಅಂದರೆ ಭಾರತದ ಕಂದಾಯದಿಂದ ಲಂಡನ್ನಿನಲ್ಲಿ ಮಾಡಿದ ಖರ್ಚು. ಇದನ್ನು ಒಂದೇ ಮೊತ್ತವಾಗಿ ಎತ್ತಿಕೊಳ್ಳದೆ ಬಿಡಿಸಿ: ಸಾಲದ ಬಡ್ಡಿ, ರೈಲ್ವೆ ಬಡ್ಡಿ, ಸೇನೆಯ ವೆಚ್ಚ, ಪಿಂಚಣಿ ಮತ್ತು ರಜೆಯ ಸಂಬಳ, ಸರ್ಕಾರಿ ಸಾಮಾನು ಖರೀದಿ, ಇಂಡಿಯಾ ಆಫೀಸಿನ ಖರ್ಚು. ಭಾರತ ಮಂತ್ರಿಯ (ಇಂಡಿಯಾ ಆಫೀಸಿನ ಮುಖ್ಯಸ್ಥನಾದ ಬ್ರಿಟಿಷ್ ಸಚಿವನ) ಸಂಬಳವೂ 1919ರ ಕಾಯಿದೆ ಬರುವವರೆಗೆ ಇದರಲ್ಲೇ ಸೇರಿತ್ತು.

ಸರ್ಕಾರಿ ಸಾಮಾನಿನ ಸಾಲಿನ ಮೇಲೆ ಕಣ್ಣಿಡಿ. ಅದು ಹೋಮ್ ಚಾರ್ಜಸ್‌ನಲ್ಲೂ ಇರುತ್ತದೆ, ಆಮದಿನ ಪಟ್ಟಿಯಲ್ಲೂ ಇರುತ್ತದೆ. ಒಂದು ಕಡೆ ಮಾತ್ರ ಹಿಡಿಯಿರಿ. ರೈಲ್ವೆ ಬಡ್ಡಿಯ ವಿಷಯ ಜಗಳದ್ದು. ಬಂಡವಾಳ ನಿಜವಾಗಿ ಬಂದಿತ್ತು, ಹಳಿಯೂ ಬಿತ್ತು. ಆದ್ದರಿಂದ ಬಡ್ಡಿಯೆಲ್ಲ ಲೂಟಿ ಎನ್ನಲಾಗದು. ಆದರೆ ಹಳೆಯ ರೈಲ್ವೆ ಕಂಪನಿಗಳಿಗೆ ಬಂಡವಾಳದ ಮೇಲೆ ಶೇ 5ರ ಸರ್ಕಾರಿ ಖಾತರಿ ಇತ್ತು. ರೈಲು ಶೇ 2 ಗಳಿಸಿದರೆ ಉಳಿದ 3ನ್ನು ತೆರಿಗೆ ಕೊಟ್ಟವರು ತುಂಬಬೇಕು, ಹೀಗಾಗಿ ಖರ್ಚು ಹಿಡಿಯುವ ದರ್ದು ಕಂಪನಿಗೆ ಇರಲಿಲ್ಲ. ಎರಡು ಮೊತ್ತ ಬರೆಯುವುದು ಮೇಲು: ಬಡ್ಡಿ ಸೇರಿಸಿ ಒಂದು, ಬಿಟ್ಟು ಒಂದು. ಭಾರತದ ಸಂಪತ್ತು ಬ್ರಿಟನ್ನಿಗೆ ಹರಿದುಹೋಗುತ್ತಿದೆ ಎಂಬ ದಾದಾಭಾಯಿ ನವರೋಜಿಯವರ ‘ಸಂಪತ್ತಿನ ಸೋರಿಕೆ’ಯ ವಾದದಲ್ಲಿ ಅಂಕಿಗಳು ಲೇಖಕರಿಂದ ಲೇಖಕರಿಗೆ ಬದಲಾಗಲು ಇಂಥ ಆಯ್ಕೆಗಳೇ ಮುಖ್ಯ ಕಾರಣ.

ಹಣ ಸಾಗಿದ ದಾರಿ ಕೌನ್ಸಿಲ್ ಬಿಲ್. ಒಂದು ಕಾಲ್ಪನಿಕ ವ್ಯವಹಾರ ನೋಡೋಣ. ದರ 1 ಶಿಲಿಂಗ್ 4 ಪೆನ್ಸ್, ಬೊಂಬಾಯಿಯಿಂದ 1,500 ರೂಪಾಯಿಯ ಅರಳೆ ಹೊರಟಿದೆ. ಕೊಳ್ಳುವವನ ಪರವಾಗಿ ಬ್ಯಾಂಕು ಲಂಡನ್ನಿನಲ್ಲಿ ಭಾರತ ಮಂತ್ರಿಯ ಖಾತೆಗೆ 100 ಪೌಂಡ್ ಕಟ್ಟಿ 1,500 ರೂಪಾಯಿಯ ಬಿಲ್ ಪಡೆಯುತ್ತದೆ. ಇದು ಸರ್ಕಾರವೇ ಬರೆದ ಹುಂಡಿ. ಅಂಚೆಯಲ್ಲಿ ಬಂದ ಬಿಲ್ಲನ್ನು ಬೊಂಬಾಯಿಯ ಸರ್ಕಾರಿ ಖಜಾನೆಗೆ ಒಪ್ಪಿಸಿದರೆ ರೂಪಾಯಿ ಸಿಗುತ್ತದೆ, ರಫ್ತುದಾರನ ಬಾಕಿ ಚುಕ್ತಾ. ಖಜಾನೆಯಲ್ಲಿದ್ದ ರೂಪಾಯಿ ಎಲ್ಲಿಯದು? ಭೂಕಂದಾಯ, ಉಪ್ಪಿನ ತೆರಿಗೆ ಮುಂತಾದವುಗಳದ್ದು. ಅರಳೆ ಬೆಳೆದವನಿಗೆ ಸಿಕ್ಕಿದ್ದು ಅವನಂಥವರೇ ಕಟ್ಟಿದ ತೆರಿಗೆ. ಸರಕು ಗಳಿಸಿದ 100 ಪೌಂಡ್ ಲಂಡನ್ನಿನಲ್ಲೇ ಉಳಿದು ಹೋಮ್ ಚಾರ್ಜಸ್‌ಗೆ ಹೋಯಿತು. ಹಾಗಾಗಿ ಹೋಮ್ ಚಾರ್ಜಸ್ ಮತ್ತು ಬಿಲ್ ಮಾರಾಟ ಎರಡನ್ನೂ ಕೂಡಬಾರದು. ಒಂದು ಖರ್ಚು, ಇನ್ನೊಂದು ಅದಕ್ಕೆ ಹಣ ಹೊಂದಿಸಿದ ರೀತಿ. ಎರಡೂ ಸಮವಾಗದಿದ್ದರೆ ಗಾಬರಿ ಬೇಡ. ಆ ವರ್ಷ ಲಂಡನ್ನಿನಲ್ಲಿ ಎತ್ತಿದ ಸಾಲ, ನಗದು ಶಿಲ್ಕಿನ ಏರಿಳಿತ ನೋಡಿ.

ವಿನಿಮಯ ನಷ್ಟ ಎಂಬ ಸಾಲೂ ಹೀಗೆಯೇ ಮೋಸ ಮಾಡುತ್ತದೆ. 1,000 ಪೌಂಡ್ ಕಳಿಸಲು ಮೊದಲು 10,000 ರೂಪಾಯಿ ಸಾಕಿತ್ತು, ಆಮೇಲೆ 15,000 ಬೇಕಾಯಿತು. ಹೆಚ್ಚುವರಿ 5,000ವನ್ನು ಕೆಲವು ವರ್ಷದ ಪುಸ್ತಕಗಳು ಪ್ರತ್ಯೇಕವಾಗಿ ತೋರಿಸುತ್ತವೆ. ನೀವು ಪೌಂಡನ್ನು ಮಾರುಕಟ್ಟೆ ದರದಲ್ಲೇ ರೂಪಾಯಿಗೆ ತಿರುಗಿಸಿದ್ದರೆ ಆ ಸಾಲನ್ನು ಬಿಟ್ಟುಬಿಡಿ.

ಮೈಸೂರಿನಂಥ ಸಂಸ್ಥಾನಗಳ ಪೊಗದಿಯನ್ನು (ಕಪ್ಪವನ್ನು) ಇಲ್ಲಿ ಸೇರಿಸಬೇಡಿ. ಅದು ಭಾರತ ಸರ್ಕಾರದ ಆದಾಯ.

ಎರಡನೆಯ ಮಹಾಯುದ್ಧದ ವರ್ಷಗಳಿಗೆ ಕೋಷ್ಟಕ ತಿರುವುಮುರುವು. ಬ್ರಿಟನ್ ಭಾರತದಲ್ಲಿ ಯುದ್ಧಕ್ಕಾಗಿ ಸಾಮಾನು, ಸೇವೆ ಪಡೆದು ಅದಕ್ಕೆ ಬದಲಾಗಿ ಲಂಡನ್ನಿನಲ್ಲಿ ಭಾರತದ ಹೆಸರಿಗೆ ಸ್ಟರ್ಲಿಂಗ್ (ಬ್ರಿಟಿಷ್ ಪೌಂಡ್) ಜಮಾ ಮಾಡಿತು. ರಿಸರ್ವ್ ಬ್ಯಾಂಕ್ ಅದರ ಆಧಾರದ ಮೇಲೆ ಇಲ್ಲಿ ನೋಟು ಅಚ್ಚು ಹಾಕಿತು. ಯುದ್ಧ ಮುಗಿಯುವ ಹೊತ್ತಿಗೆ ಈ ಬಾಕಿ ಸುಮಾರು 130 ಕೋಟಿ ಪೌಂಡ್. ಇದನ್ನು ಭಾರತದ ಆಸ್ತಿಯ ಅಂಕಣದಲ್ಲಿ ಬರೆಯಿರಿ, ಆದರೆ ಪಕ್ಕದಲ್ಲೇ ಅದೇ ವರ್ಷಗಳ ಬೆಲೆ ಏರಿಕೆಯನ್ನೂ ಇಡಿ. ಲಂಡನ್ನಿನ ಪುಸ್ತಕದಲ್ಲಿದ್ದ ಆ ಸ್ಟರ್ಲಿಂಗ್‌ನಿಂದ 1943ರಲ್ಲಿ, ಬಂಗಾಳದ ಬರಗಾಲದ ವರ್ಷ, ಇಲ್ಲಿ ಯಾರೂ ಅಕ್ಕಿ ಕೊಳ್ಳುವಂತಿರಲಿಲ್ಲ.