ಪತ್ತಾಯದ ಪತಂಗಕ್ಕೆ ಬೂದಿ ಹೊದಿಕೆ: ನನ್ನ ಅನುಭವ

ಪತ್ತಾಯದಲ್ಲಿ, ಅಂದರೆ ಭತ್ತ ತುಂಬಿಡುವ ಮರದ ದೊಡ್ಡ ಪೆಟ್ಟಿಗೆಯಲ್ಲಿ, ಭತ್ತದ ಮೇಲೆ ಬೂದಿ ಹರಡಿದ್ದನ್ನು ನೋಡಿ ಪಕ್ಕದ ಮನೆಯ ಮಾವ, ‘ಏನಪ್ಪಾ, ಭತ್ತಕ್ಕೂ ವಿಭೂತಿ ಬಳಿದ್ಯಾ?’ ಅಂತ ನಕ್ಕಿದ್ದರು. ಈ ವರ್ಷ ಬಿತ್ತನೆಗೆ ಇಂಟಾನ್ ತಳಿಯ ಭತ್ತ ಕೇಳಿಕೊಂಡು ಬಂದವರೂ ಅವರೇ.

ಒಣಹುಲ್ಲಿನ ಬಣ್ಣದ, ಅರ್ಧ ಇಂಚೂ ಇಲ್ಲದ ಭತ್ತದ ಪತಂಗ ನಿಮಗೆಲ್ಲ ಗೊತ್ತೇ ಇದೆ. ಅಕ್ಕಿಯಲ್ಲಿ ಬಲೆ ಕಟ್ಟುವ ಬೂದುಕಂದು ಪತಂಗವೂ ಇದೇ ಅಂದುಕೊಳ್ಳುವವರು ಜಾಸ್ತಿ. ಹಿಂದಿನ ರೆಕ್ಕೆ ಬಿಡಿಸಿ ನೋಡಿ. ತುದಿ ಚೂಪಾಗಿ, ಅಂಚಿಗೆ ಉದ್ದನೆಯ ಕುಚ್ಚಿದ್ದರೆ ಭತ್ತದ್ದು. ಇದರ ಮರಿ ಕಾಳಿನೊಳಗೇ ಕೂತು ತಿನ್ನುತ್ತದೆ. ಗದ್ದೆಯಲ್ಲಿ ತೆನೆ ಇರುವಾಗಲೇ ಮೊಟ್ಟೆ ಬಿದ್ದಿರುತ್ತದೆ, ಹಾಗಾಗಿ ಪತ್ತಾಯ ಎಷ್ಟು ತೊಳೆದರೂ ಅಷ್ಟಕ್ಕಷ್ಟೇ.

ಬೇವಿನ ಸೊಪ್ಪು, ಲಕ್ಕಿ ಸೊಪ್ಪು, ಬಜೆ ಪುಡಿ ಎಲ್ಲ ಆಯಿತು. ಜೂನ್ ಮಳೆ ಹಿಡಿದರೆ ಮುಚ್ಚಳ ತೆಗೆದಾಗ ಮುಖಕ್ಕೇ ಹಾರುತ್ತಿದ್ದವು. ಒಂದು ವರ್ಷ ಏನಿಲ್ಲವೆಂದರೂ 4 ಕ್ವಿಂಟಾಲ್ ಜೊಳ್ಳಾಯಿತು, ಸುಮಾರು 8,000 ರೂಪಾಯಿ. ಬೀಜ ಕೊಂಡು ತಂದ ಖರ್ಚು ಬೇರೆ. ವಿಷದ ಮಾತ್ರೆ ಇಡಿ ಅಂದವರಿದ್ದರು. ಮಕ್ಕಳು ಮಲಗುವ ಮನೆಯೊಳಗೆ ಆ ಗ್ಯಾಸ್ ಬೇಡವೇ ಬೇಡ.

ಆಮೇಲೆ ಹುಳು ಎಲ್ಲೆಲ್ಲಿದೆ ಅಂತ ಹುಡುಕಿದೆ. ಬೇರೆ ಬೇರೆ ಆಳದಿಂದ ಒಂದೊಂದು ಹಿಡಿ ಕಾಳು ತೆಗೆದು ನೀರಿಗೆ ಹಾಕಿದೆ. ಮೇಲಿನ ಒಂದಡಿಯದ್ದು ತೇಲಿತು, ಅಂದರೆ ಹುಳು ತಿಂದು ಟೊಳ್ಳಾಗಿತ್ತು, ಕೆಳಗಿನದ್ದು ಬಹುಪಾಲು ಮುಳುಗಿತು. ಈ ಪತಂಗಕ್ಕೆ ರಾಶಿಯೊಳಗೆ ನುಗ್ಗುವ ಶಕ್ತಿ ಇಲ್ಲ, ಅದರ ಕಾರುಬಾರೆಲ್ಲ ಮೇಲ್ಮೈಯಲ್ಲೇ. ಮೂಟೆಯಲ್ಲಾದರೆ ಸುತ್ತಲೂ ಮೇಲ್ಮೈ, ಅದಕ್ಕೇ ಅಲ್ಲಿ ಹಾನಿ ಹೆಚ್ಚು.

ಪುತ್ತರಿ (ನಮ್ಮ ಕೊಡಗಿನ ಸುಗ್ಗಿ ಹಬ್ಬ) ಕಳೆದು ಒಕ್ಕಿದ ಮೇಲೆ ಒಣಗಿಸುವುದರಲ್ಲಿ ಜಿಪುಣತನ ಬೇಡ. ನಮ್ಮಲ್ಲಿ ಇಬ್ಬನಿ ಜಾಸ್ತಿ, ಹತ್ತು ಗಂಟೆಗೆ ಹರವಿ ನಾಲ್ಕಕ್ಕೇ ಮುಚ್ಚಬೇಕು. ತೇವ ಶೇ. 12ರ ಹತ್ತಿರ ಬರಲಿ. ಪತ್ತಾಯಕ್ಕೆ ತುಂಬಿ, ಮೇಲೆ ಸಮ ಮಾಡಿ, ಹಳೇ ಪಂಚೆ ಹಾಸಿ, ಅದರ ಮೇಲೆ ಜರಡಿ ಹಿಡಿದ ಒಲೆ ಬೂದಿ ಎರಡು ಬೆರಳು ದಪ್ಪ. ಮೂಲೆಗಳಲ್ಲಿ ಇನ್ನೂ ದಪ್ಪ. ಬೂದಿಗೆ ಇನ್ನೊಂದು ಪುಡಿಯನ್ನೂ ಸೇರಿಸುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಖರ್ಚು? ಜರಡಿಗೆ 150 ರೂಪಾಯಿ ಇರಬೇಕು.

ನಡುವೆ ಬಲ್ಬಿನ ಕೆಳಗೆ ನೀರಿನ ಬೋಗುಣಿ ಇಟ್ಟೂ ನೋಡಿದೆ. ಬಿದ್ದದ್ದೆಲ್ಲ ಮಳೆಹುಳ. ತೂತಿಲ್ಲದ ಕಾಳನ್ನು ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದೆ, ತಿಂಗಳ ಮೇಲೆ ಪತಂಗ ಹೊರಬಂತು. ಬೆಳೆಯ ಹುಳುಗಳ ಮೊಟ್ಟೆ ನಾಶಮಾಡುವ ಟ್ರೈಕೋಗ್ರಾಮ ಎಂಬ ಪುಟ್ಟ ಕಣಜದ ಹುಳು ಸಾಕುವ ಹೊರದೇಶಗಳ ಕೆಲವು ಲ್ಯಾಬುಗಳಲ್ಲಿ ಮೊಟ್ಟೆಗೋಸ್ಕರ ಇದೇ ಭತ್ತದ ಪತಂಗವನ್ನು ಬೇಕಂತಲೇ ಸಾಕುತ್ತಾರೆ, ಗೊತ್ತಾ? ನಮ್ಮ ಹಳೇ ಪತ್ತಾಯ ನೋಡಿದ್ದರೆ ಕೆಲಸವೇ ಕೊಡುತ್ತಿದ್ದರು!

ಈ ಸಲ ಮೇಲಿನ ಭತ್ತದಲ್ಲಿ ನೂರಕ್ಕೆ ಐದಾರು ಕಾಳು ತೂತು, ಅಷ್ಟೇ. ಮೂಟೆಯ ಭತ್ತಕ್ಕೆ ಈ ಉಪಾಯ ನಡೆಯುವುದಿಲ್ಲ, ಅದನ್ನು ಮಳೆಗೆ ಮುಂಚೆಯೇ ಮಿಲ್ಲಿಗೆ ಕಳಿಸಿಬಿಡಿ.